ಪಿಕಪ್ ಗಾಡಿಯ ಮೊರೆತ: ಕಾರಣಗಳು ಮತ್ತು ಉಪಾಯಗಳು

ಹೋಟಗಿ, ವಳಸಂಗ, ಮಂದ್ರೂಪ, ಅಕ್ಕಲಕೋಟೆಗಳ ಸುತ್ತಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಚಕ್ಕಡಿಯು ಮಾಡುತ್ತಿದ್ದ ಕೆಲಸವನ್ನು ಈಗ ಪಿಕಪ್ ಗಾಡಿಯು ಮಾಡುತ್ತಿದೆ. ಉಳ್ಳಾಗಡ್ಡಿಯ ಚೀಲಗಳು ಸೊಲ್ಲಾಪುರದ ಸಿದ್ಧೇಶ್ವರ ಮಾರುಕಟ್ಟೆಗೆ ಹೋಗುವುದು ಅದರಲ್ಲಿಯೇ. ಬೀಜ ಗೊಬ್ಬರ ಮನೆಗೆ ಬರುವುದೂ ಅದರಲ್ಲಿಯೇ. ಆದ ಕಾರಣ ಈ ಗಾಡಿಯ ಬೇನೆಯೂ ಒಕ್ಕಲಿಗನ ಬೇನೆಯೇ ಆಗಿದೆ. ಎತ್ತಿನ ಕಾಲುಬಾಯಿ ರೋಗದ ಬಗ್ಗೆ ಬರೆಯುವ ಪುಟದಲ್ಲಿ ಗಾಡಿಯ ಸೈಲೆನ್ಸರಿನ ಬಗ್ಗೆ ಬರೆದರೆ ಓದುಗರು ಅಚ್ಚರಿಪಡಲಾರರೆಂದು ನಂಬಿದ್ದೇನೆ.

ಕಂಪನಿಯಿಂದ ಬಂದ ಸೈಲೆನ್ಸರು ಕೆಲವು ವರ್ಷಗಳಲ್ಲಿ ತುಕ್ಕು ತಿಂದು ತೂತು ಬೀಳುತ್ತದೆ. ಆಗ ನಮ್ಮವರು ಪೇಟೆಯಲ್ಲಿ ಅಗ್ಗವಾಗಿ ಸಿಗುವ ಬೇರೊಂದು ಸೈಲೆನ್ಸರನ್ನು ಕೂಡ್ರಿಸುತ್ತಾರೆ. ಮೊದಲ ದಿನ ಎಲ್ಲವೂ ಸರಿ ಎನಿಸುತ್ತದೆ. ಆದರೆ ಮಾಲು ತುಂಬಿಕೊಂಡು ಹೆದ್ದಾರಿಗೆ ಬಂದು ಒಂದು ಗೊತ್ತಾದ ವೇಗವನ್ನು ಮುಟ್ಟಿದೊಡನೆ ಕ್ಯಾಬಿನ್ನಿನೊಳಗೆ 'ಗುಂಯ್' ಎಂಬ ಒಂದೇ ಸ್ವರದ ನಾದವು ತುಂಬಿಕೊಳ್ಳುತ್ತದೆ. ವೇಗ ಕಡಿಮೆ ಮಾಡಿದರೆ ಅದು ಮಾಯ. ಹೆಚ್ಚು ಮಾಡಿದರೂ ಮಾಯ. ಮತ್ತೆ ಅದೇ ವೇಗಕ್ಕೆ ಬಂದರೆ ಹಾಜರು. ಇದನ್ನೇ ಈ ಪಾಠದಲ್ಲಿ 'ಮೊರೆತ' ಎಂದು ಕರೆಯೋಣ.

ಇದು ಬರಿಯ ಕಿರಿಕಿರಿಯ ಮಾತಲ್ಲ. ಬೆಳಗಿನ ಸವಾಲಿಗೆ ಮಾಲು ಮುಟ್ಟಿಸಲು ರಾತ್ರಿಯೆಲ್ಲ ಗಾಡಿ ಹೊಡೆಯುವವನಿಗೆ ಈ ಒಂದೇ ಸ್ವರವು ದಣಿವು ತರುತ್ತದೆ. ಅದನ್ನು ಮುಚ್ಚಲೆಂದು ಅವನು ಹಾಡಿನ ಪೆಟ್ಟಿಗೆಯ ಸದ್ದು ಏರಿಸುತ್ತಾನೆ; ಆಗ ಹಿಂದಿನ ಗಾಡಿಯ ಹಾರ್ನು ಕೇಳಿಸದು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸಿಗಿಂತ ಹೆಚ್ಚು ಇರಬಾರದು, ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದಂತೆ ಆ ಕಾಲವನ್ನು ಅರ್ಧಕ್ಕೆ ಇಳಿಸಬೇಕು ಎಂದು ಅಮೆರಿಕೆಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಕಿವಿಯ ಒಳಗಿನ ಸೂಕ್ಷ್ಮ ಕೂದಲುಗಳು ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ.

ಕೊಡ ಮತ್ತು ಜೋಕಾಲಿ

ಮೊರೆತ ಹೇಗೆ ಹುಟ್ಟುತ್ತದೆಂಬುದನ್ನು ತಿಳಿಯಲು ಮನೆಯಲ್ಲಿಯೇ ಇರುವ ಎರಡು ವಸ್ತುಗಳು ಸಾಕು. ನಾನು ಶಾಲೆಯ ಮಕ್ಕಳಿಗೂ ಇವುಗಳಿಂದಲೇ ಕಲಿಸುತ್ತೇನೆ.

ನಳದ ಕೆಳಗೆ ಕೊಡವನ್ನಿಟ್ಟು ನೀರು ಬಿಡಿರಿ. ಮೊದಲು ದಪ್ಪ ಸ್ವರ. ನೀರು ಏರಿದಂತೆ ಸ್ವರವು ಸಣ್ಣದಾಗುತ್ತ ಹೋಗುತ್ತದೆ. ಕೊಡ ತುಂಬಿತೆಂಬುದನ್ನು ಇಣುಕಿ ನೋಡದೆ ಒಲೆಯ ಮುಂದೆ ಕುಳಿತೇ ನಮ್ಮ ತಾಯಂದಿರು ತಿಳಿಯುತ್ತಾರೆ. ಇದರ ಅರ್ಥವೇನು? ಪ್ರತಿಯೊಂದು ಪೊಳ್ಳು ವಸ್ತುವಿನೊಳಗಿನ ಗಾಳಿಗೆ ತನ್ನದೇ ಆದ ಒಂದು ಸ್ವರವಿರುತ್ತದೆ. ಪೊಳ್ಳು ಉದ್ದವಾಗಿದ್ದರೆ ಸ್ವರ ದಪ್ಪ, ಗಿಡ್ಡವಾಗಿದ್ದರೆ ಸಣ್ಣ. ಗಾಡಿಯ ಹೊಗೆಪೈಪು ಕೂಡ ಒಂದು ಪೊಳ್ಳು. ನಾವು ಕುಳಿತುಕೊಳ್ಳುವ ಕ್ಯಾಬಿನ್ನೂ ಒಂದು ಪೊಳ್ಳು.

ಇನ್ನು ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಜೋಕಾಲಿ ಹಿಂದೆ ಬಂದು ತಿರುಗುವ ಗಳಿಗೆಗೆ ಸರಿಯಾಗಿ ಒಂದು ಚಿಕ್ಕ ಕೂಸು ಬೆರಳಿನಿಂದ ನೂಕುತ್ತ ಹೋದರೂ ಜೋಕಾಲಿ ಗಿಡದ ಟೊಂಗೆಗೆ ಏರುತ್ತದೆ. ಗಳಿಗೆ ತಪ್ಪಿಸಿ ಪೈಲವಾನನು ನೂಕಿದರೂ ಅದು ಏರದು. ಹೀಗೆ ನೂಕುವವನ ತಾಳವೂ ತೂಗುವ ವಸ್ತುವಿನ ತಾಳವೂ ಕೂಡಿದಾಗ ಸಣ್ಣ ನೂಕಿನಿಂದ ದೊಡ್ಡ ತೂಗಾಟ ಹುಟ್ಟುವುದಕ್ಕೆ 'ಅನುನಾದ'ವೆಂದು ಹೆಸರು.

ಇಂಜಿನ್ನು ಹೊಗೆಯನ್ನು ನೀರಿನ ಧಾರೆಯಂತೆ ಬಿಡುವುದಿಲ್ಲ. ಉಗುಳು ಉಗುಳಾಗಿ ಬಿಡುತ್ತದೆ. ಪ್ರತಿ ಉಗುಳೂ ಪೈಪಿನ ಗಾಳಿಗೆ ಒಂದು ನೂಕು. ಈ ಉಗುಳುಗಳ ತಾಳವು ಪೈಪಿನ ಸ್ವರಕ್ಕೋ ಕ್ಯಾಬಿನ್ನಿನ ಸ್ವರಕ್ಕೋ ಕೂಡಿದ ಗಳಿಗೆಯಲ್ಲಿ ಮೊರೆತವು ಹುಟ್ಟುತ್ತದೆ. ಆದುದರಿಂದಲೇ ಅದು ಒಂದೇ ವೇಗದಲ್ಲಿ ಬಂದು, ಆಚೀಚೆ ಸರಿದರೆ ಹೋಗುತ್ತದೆ. ಮೊರೆತವೆಂದರೆ ಸದ್ದು ಹೆಚ್ಚಾದುದಲ್ಲ, ತಾಳ ಕೂಡಿದುದು. ಈ ಒಂದು ಮಾತನ್ನು ತಿಳಿದವನು ಪೇಟೆಯಲ್ಲಿ ಹಣ ಕಳೆಯಲಾರನು.

ಸ್ವರದ ಲೆಕ್ಕ

ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಒಂದು ಸಿಲಿಂಡರು ಎರಡು ಸುತ್ತಿಗೆ ಒಮ್ಮೆ ಹೊಗೆ ಉಗುಳುತ್ತದೆ. ಮಹೀಂದ್ರಾ ಬೊಲೆರೊ ಪಿಕಪ್ಪಿನ ಡೀಸೆಲ್ ಇಂಜಿನ್ನಿಗೆ ನಾಲ್ಕು ಸಿಲಿಂಡರುಗಳು. ಎಂದರೆ ಸುತ್ತಿಗೆ ಎರಡು ಉಗುಳು. ಟಾಟಾ ಕಂಪನಿಯು 2005ರಲ್ಲಿ ಹೊರತಂದ ಮೊದಲ ಡೀಸೆಲ್ ಏಸ್ ಗಾಡಿಗೆ ಎರಡೇ ಸಿಲಿಂಡರು. ಎಂದರೆ ಸುತ್ತಿಗೆ ಒಂದೇ ಉಗುಳು.

ಇಂಜಿನ್ನು ನಿಮಿಷಕ್ಕೆ 2,100 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 35 ಸುತ್ತಾಯಿತು. ನಾಲ್ಕು ಸಿಲಿಂಡರಿನ ಗಾಡಿಯು ಆಗ ಸೆಕೆಂಡಿಗೆ 70 ಸಲ ಉಗುಳುತ್ತದೆ. ಇದೇ ಮೊರೆತದ ಕಂಪನಸಂಖ್ಯೆ. 1,800 ಸುತ್ತಿಗೆ 60, 2,400 ಸುತ್ತಿಗೆ 80. ಸುತ್ತು ತೋರಿಸುವ ಮುಳ್ಳು ಗಾಡಿಯಲ್ಲಿ ಇಲ್ಲದಿದ್ದರೆ, ಜೊತೆಗೆ ಕುಳಿತವನು ಮೊಬೈಲಿನಲ್ಲಿ ಸ್ವರದ ಕಂಪನಸಂಖ್ಯೆ ತೋರಿಸುವ ಆಪ್ ಹಾಕಿಕೊಂಡು ಆ ಅಂಕಿಯನ್ನು ಬರೆದುಕೊಳ್ಳಬಹುದು. ಯಾವ ಗೇರು, ಎಷ್ಟು ವೇಗ, ಗಾಡಿ ತುಂಬಿತ್ತೋ ಬರಿದಿತ್ತೋ ಎಂಬುದನ್ನೂ ಬರೆದಿಡಿರಿ. ಮಿಸ್ತ್ರಿಗೆ "ಸದ್ದು ಬರುತ್ತದೆ" ಎನ್ನುವುದಕ್ಕಿಂತ "ನಾಲ್ಕನೆಯ ಗೇರಿನಲ್ಲಿ 2,100 ಸುತ್ತಿಗೆ ಬರುತ್ತದೆ" ಎನ್ನುವುದು ಹತ್ತು ಪಾಲು ಉಪಯೋಗದ ಮಾತು.

ಮೊಬೈಲಿನ ಡೆಸಿಬೆಲ್ ಅಂಕಿಯನ್ನು ಮಾತ್ರ ನಂಬಿ ಕೂಡ್ರಬಾರದು. ಸಾಮಾನ್ಯವಾಗಿ ಬಳಸುವ 'ಎ' ಅಳತೆಯು ದಪ್ಪ ಸ್ವರವನ್ನು ಕಡಿಮೆ ಮಾಡಿ ಎಣಿಸುತ್ತದೆ; 100 ಕಂಪನದ ಸ್ವರಕ್ಕೆ ಸುಮಾರು 19 ಡೆಸಿಬೆಲ್ ಕಡಿತವಿದೆ. ಆದ ಕಾರಣ ಅಂಕಿಯು ಚಿಕ್ಕದಿದ್ದು ತಲೆ ಮಾತ್ರ ಸಿಡಿಯುತ್ತಿರಬಹುದು.

ಮೊದಲು ಮೂಲವನ್ನು ಗುರುತಿಸಿರಿ

ಗುಂಯ್ ಎಂದುದೆಲ್ಲ ಸೈಲೆನ್ಸರಿನದಲ್ಲ. ಮೂರು ಪರೀಕ್ಷೆಗಳನ್ನು ಮಾಡಿ ನೋಡಬೇಕು.

ಒಂದನೆಯದು: ಬಯಲಿನಲ್ಲಿ ಗಾಡಿಯನ್ನು ನಿಲ್ಲಿಸಿ, ಕೈಬ್ರೇಕು ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ನಿಧಾನವಾಗಿ ಅದೇ ಸುತ್ತಿಗೆ ಏರಿಸಿರಿ. ಮೊರೆತ ಬಂದರೆ, ಕೊಂಚ ಕಡಿಮೆ ಬಂದರೂ ಸರಿ, ಮೂಲವು ಇಂಜಿನ್ನು ಅಥವಾ ಹೊಗೆಪೈಪು.

ಎರಡನೆಯದು: ಅದೇ ವೇಗವನ್ನು ಮೇಲಿನ ಗೇರಿನಲ್ಲಿ ಒಮ್ಮೆ, ಕೆಳಗಿನ ಗೇರಿನಲ್ಲಿ ಒಮ್ಮೆ ಓಡಿಸಿರಿ. ಗೇರು ಬದಲಿಸಿದೊಡನೆ ಮೊರೆತ ಹೋದರೆ ಮೂಲವು ಇಂಜಿನ್ನಿನ ಸುತ್ತಿಗೆ ಕಟ್ಟುಬಿದ್ದದ್ದು. ಗೇರು ಯಾವುದಿದ್ದರೂ ಅದೇ ವೇಗಕ್ಕೆ ಸದ್ದು ಬಂದರೆ ಟಾಯರು, ಚಕ್ರದ ಬೇರಿಂಗು ಇಲ್ಲವೆ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟಿನ ಜೋಡಣೆಗಳನ್ನು ನೋಡಬೇಕು. ಇಂಥ ಗಾಡಿಗೆ ಹೊಸ ಸೈಲೆನ್ಸರು ಹಾಕುವುದೆಂದರೆ ಹಲ್ಲು ನೋವಿಗೆ ಹೊಟ್ಟೆಗೆ ಪಟ್ಟು ಹಾಕಿದಂತೆ.

ಮೂರನೆಯದು: ಮೊರೆತ ಬಂದಾಗ ಕಿಟಕಿಯನ್ನು ಇಳಿಸಿರಿ. ಥಟ್ಟನೆ ಕಡಿಮೆಯಾದರೆ ಕ್ಯಾಬಿನ್ನಿನ ಪೊಳ್ಳು ಕೂಡ ಅದರಲ್ಲಿ ಪಾಲುಗೊಂಡಿದೆ ಎಂದು ತಿಳಿಯಬೇಕು. ಹೀಗಿದ್ದಲ್ಲಿ ಸೀಟಿನ ಹಿಂದಿನ ತಗಡಿಗೆ ದಪ್ಪ ಡಾಂಬರಿನ ಹಾಳೆ ಅಂಟಿಸುವುದು, ನೆಲಕ್ಕೆ ಭಾರವಾದ ರಬ್ಬರು ಹಾಸುವುದು ತಗಡಿನ ನಡುಕವನ್ನು ತಗ್ಗಿಸುತ್ತವೆ.

ಖರ್ಚಿಲ್ಲದ ಕೆಲಸಗಳು

ಮೂಲವು ಹೊಗೆಪೈಪೆಂದು ಖಾತ್ರಿಯಾದ ಮೇಲೂ ಕೂಡಲೆ ಅಂಗಡಿಗೆ ಹೋಗಬಾರದು. ಗಾಡಿ ಪೂರ್ತಿ ತಣ್ಣಗಿರುವಾಗ ಕೆಳಗೆ ನೋಡಿರಿ. ಪೈಪನ್ನು ತೂಗಹಾಕಿದ ರಬ್ಬರುಗಳು ಹರಿದಿವೆಯೇ? ಹರಿದ ರಬ್ಬರಿನ ಬದಲು ತಂತಿ ಬಿಗಿದಿದ್ದಾರೆಯೇ? ಪೈಪು ಎಲ್ಲಿಯಾದರೂ ಚೌಕಟ್ಟಿಗೆ ತಾಗುತ್ತಿದೆಯೇ? ರಬ್ಬರಿದ್ದಲ್ಲಿ ಪೈಪಿನ ನಡುಕವು ರಬ್ಬರಿನಲ್ಲಿಯೇ ಸಾಯುತ್ತದೆ. ತಂತಿ ಕಟ್ಟಿದಲ್ಲಿ ನೇರವಾಗಿ ಚೌಕಟ್ಟಿಗೆ, ಅಲ್ಲಿಂದ ನಮ್ಮ ಬೆನ್ನಿಗೆ ಬರುತ್ತದೆ. ಇಂಜಿನ್ನಿನ ಕೆಳಗಿನ ರಬ್ಬರು ಗಾದಿಗಳನ್ನೂ ಹೀಗೆಯೇ ನೋಡಬೇಕು. ಅನೇಕ ಗಾಡಿಗಳ ಮೊರೆತವು ಒಂದೆರಡು ರಬ್ಬರುಗಳಲ್ಲಿಯೇ ತೀರಿಹೋಗುತ್ತದೆ.

ಆಮೇಲೆ ಸೋರಿಕೆ. ಜೋಡಣೆಗಳಲ್ಲಿ ಕರಿಯ ಮಸಿಯ ಗೆರೆ ಕಂಡರೆ ಅಲ್ಲಿ ಸೋರುತ್ತದೆ. ತಣ್ಣಗಿನ ಇಂಜಿನ್ನನ್ನು ಆಗಷ್ಟೇ ಚಾಲೂ ಮಾಡಿ, ಜೋಡಣೆಗಳಿಗೆ ಸಾಬೂನು ನೀರು ಹಚ್ಚಿದರೆ ಗುಳ್ಳೆ ಏಳುವುದು ಕಾಣುತ್ತದೆ. ಈ ಪರೀಕ್ಷೆಯನ್ನು ಬಯಲಿನಲ್ಲಿಯೇ ಮಾಡತಕ್ಕದ್ದು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂದಿಗೂ ಕೂಡದು. ಕ್ಯಾಬಿನ್ನಿನ ಕೆಳಗಿನ ಸೋರಿಕೆಯು ಸದ್ದಿಗಿಂತ ಹೊಗೆಯಿಂದ ಹೆಚ್ಚು ಕೆಟ್ಟದ್ದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಡೀಸೆಲ್ ಹೊಗೆಯು ಕ್ಯಾನ್ಸರ್ ತರುವಂಥದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಮಂಡಳಿಯು 2012ರಲ್ಲಿ ಸಾರಿದೆ.

ದುರಸ್ತಿಯಾಗುವವರೆಗೆ ಡ್ರಾಯವರನ ಕೈಯಲ್ಲಿಯೇ ಒಂದು ಮದ್ದುಂಟು. ಮೊರೆತವು ಇಕ್ಕಟ್ಟಾದ ಜಾಗದಲ್ಲಿ ವಾಸಿಸುತ್ತದೆ. ಗೇರು ಬದಲಿಸಿಯೋ ವೇಗವನ್ನು ಕೊಂಚ ಇಳಿಸಿಯೋ ಇನ್ನೂರು ಮುನ್ನೂರು ಸುತ್ತು ಆಚೀಚೆ ಸರಿದರೆ ದಾರಿ ಸುಖವಾಗಿ ಸಾಗುತ್ತದೆ.

ಸೈಲೆನ್ಸರುಗಳ ಮೂರು ಜಾತಿ

ಇಷ್ಟಾದ ಮೇಲೂ ಮೊರೆತ ಉಳಿದರೆ ಸೈಲೆನ್ಸರಿನ ವಿಚಾರ. ಹೊರಗಿನಿಂದ ಎಲ್ಲವೂ ಒಂದೇ ಡಬ್ಬಿಯಂತೆ ಕಂಡರೂ ಒಳಗಿನ ಬುದ್ಧಿ ಬೇರೆ ಬೇರೆ.

ಮೊದಲನೆಯದು ಕೋಣೆಗಳ ಸೈಲೆನ್ಸರು. ಇದರೊಳಗೆ ತಗಡಿನ ಗೋಡೆಗಳಿಂದ ಎರಡು ಮೂರು ಕೋಣೆ ಮಾಡಿರುತ್ತಾರೆ. ಇಕ್ಕಟ್ಟಿನ ಪೈಪಿನಿಂದ ಅಗಲವಾದ ಕೋಣೆಗೆ ಬಂದ ಸದ್ದು ಗೋಡೆಗೆ ಬಡಿದು ಹಿಂದಿರುಗಿ ತನ್ನನ್ನು ತಾನೇ ಸವೆಸಿಕೊಳ್ಳುತ್ತದೆ. ಕೋಣೆ ದೊಡ್ಡದಾದಷ್ಟು ದಪ್ಪ ಸ್ವರವನ್ನು ಹೆಚ್ಚು ತಡೆಯುತ್ತದೆ. ಕಂಪನಿಯ ಸೈಲೆನ್ಸರುಗಳು ಬಹುಮಟ್ಟಿಗೆ ಈ ಜಾತಿಯವು.

ಎರಡನೆಯದು ನೇರ ಪೈಪಿನ ಸೈಲೆನ್ಸರು. ತೂತು ತೂತಾದ ಒಂದು ನೇರ ಪೈಪು, ಅದರ ಸುತ್ತ ಗಾಜಿನ ನಾರು, ಮೇಲೆ ತಗಡು. ಹೊಗೆಯು ತಡೆಯಿಲ್ಲದೆ ಹೋಗುತ್ತದೆ. ನಾರು ಸಣ್ಣ ಸ್ವರವನ್ನು ಚೆನ್ನಾಗಿ ಹೀರುತ್ತದೆ. ದಪ್ಪ ಸ್ವರವನ್ನು ಬಿಟ್ಟುಬಿಡುತ್ತದೆ. ಆದುದರಿಂದ ಇದನ್ನು ಹಾಕಿದಾಗ ಚರಚರ ಸದ್ದು ಹೋಗಿ ಮೊರೆತವೊಂದೇ ಎದ್ದು ಕೇಳುತ್ತದೆ. ಪೇಟೆಯಲ್ಲಿ ಹಗುರಾಗಿ, ಚಿಕ್ಕದಾಗಿ, ಅಂದವಾಗಿ ಕಾಣುವವು ಹೆಚ್ಚಾಗಿ ಇವೇ. ಕೆಲವು ತಿಂಗಳಲ್ಲಿ ನಾರು ಸುಟ್ಟು ಹಾರಿಹೋದರೆ ಉಳಿಯುವುದು ಬರಿಯ ತೂತಿನ ಪೈಪು.

ಮೂರನೆಯದು ಮುಚ್ಚುಬಾಯಿಯ ಪಕ್ಕದ ಪೈಪು. ಇದು ಒಂದೇ ಒಂದು ಸ್ವರವನ್ನು ಕೊಲ್ಲುವ ಸಾಧನ. ಇದರ ವಿಚಾರ ಮುಂದೆ ಬರುತ್ತದೆ.

ಈ ಶಾಸ್ತ್ರವು ಪರದೇಶದ್ದೇ ಎಂದು ತಿಳಿಯಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎಂ. ಎಲ್. ಮುಂಜಾಲ್ ಅವರು ನಾಳಗಳ ಮತ್ತು ಸೈಲೆನ್ಸರುಗಳ ಧ್ವನಿಶಾಸ್ತ್ರವನ್ನು ಕುರಿತು ಬರೆದು 1987ರಲ್ಲಿ ಪ್ರಕಟವಾದ ಗ್ರಂಥವನ್ನು ಜಗತ್ತಿನ ಇಂಜಿನಿಯರರು ಓದುತ್ತಾರೆ.

ಕೊಳ್ಳುವಾಗ ನೋಡಬೇಕಾದುದಿಷ್ಟು: ತೆಗೆದ ಸೈಲೆನ್ಸರನ್ನು ಜೊತೆಗೆ ಒಯ್ಯಿರಿ. ಹೊಸದರ ಹೊಟ್ಟೆಯು ಅದಕ್ಕಿಂತ ಚಿಕ್ಕದಿರಬಾರದು. ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಳಕು ನೇರವಾಗಿ ಕಂಡರೆ ಅದು ಎರಡನೆಯ ಜಾತಿಯದು. ಪೈಪಿನ ವ್ಯಾಸವು ಮೊದಲಿನಷ್ಟೇ ಇರಬೇಕು. ಕಿರಿದಾದರೆ ಹೊಗೆಯು ಹಿಂದಕ್ಕೆ ಒತ್ತಿ ಇಂಜಿನ್ನಿನ ಶಕ್ತಿ ಕುಂದುತ್ತದೆ, ಡೀಸೆಲ್ ಹೆಚ್ಚು ಸುಡುತ್ತದೆ.

ಬಾಲದ ಪೈಪಿನ ಉದ್ದ

ಸೈಲೆನ್ಸರು ಒಳ್ಳೆಯದಿದ್ದೂ ಅದನ್ನು ಮೊದಲಿನ ಜಾಗ ಬಿಟ್ಟು ಬೇರೆ ಕಡೆಗೆ ಕೂಡ್ರಿಸಿದರೆ ಮೊರೆತ ಹುಟ್ಟಬಹುದು. ಸೈಲೆನ್ಸರಿನಿಂದ ಹೊರಬಾಯಿಯವರೆಗಿನ ಬಾಲದ ಪೈಪಿಗೂ ಒಂದು ಸ್ವಂತ ಸ್ವರವಿದೆ. 20 ಅಂಶ ಉಷ್ಣತೆಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ 343 ಮೀಟರು ಓಡುತ್ತದೆ. 200 ಅಂಶದ ಬಿಸಿ ಹೊಗೆಯಲ್ಲಿ ಸುಮಾರು 430 ಮೀಟರು. ಈ ಓಟವನ್ನು ಬಾಲದ ಉದ್ದದ ಇಮ್ಮಡಿಯಿಂದ ಭಾಗಿಸಿದರೆ ಆ ಸ್ವರ ಸಿಗುತ್ತದೆ. ಬಾಲವು 3 ಮೀಟರಿದ್ದರೆ 430ನ್ನು 6ರಿಂದ ಭಾಗಿಸಿ ಸುಮಾರು 72. ಮೇಲೆ ನಾವು ಲೆಕ್ಕ ಹಾಕಿದ 70 ಇದರ ಪಕ್ಕದಲ್ಲಿಯೇ ಇದೆಯಲ್ಲವೆ? ಸೈಲೆನ್ಸರನ್ನು ಹಿಂದಕ್ಕೆ ಸರಿಸಿ ಬಾಲವನ್ನು 2 ಮೀಟರು ಮಾಡಿದರೆ ಸ್ವರವು 107ಕ್ಕೆ ಏರುತ್ತದೆ. ಅದಕ್ಕೆ ಇಂಜಿನ್ನು 3,200 ಸುತ್ತು ತಿರುಗಬೇಕು; ತುಂಬಿದ ಗಾಡಿಯನ್ನು ದಿನನಿತ್ಯ ಅಷ್ಟು ಓಡಿಸುವವರು ವಿರಳ. ಬಾಲ ಗಿಡ್ಡ ಮಾಡಬೇಕೆಂದು ಹೊಗೆಯ ಬಾಯಿಯನ್ನು ಕ್ಯಾಬಿನ್ನಿನ ಕೆಳಗೆ ತೆರೆಯುವುದು ಮಾತ್ರ ಜೀವಕ್ಕೆ ಅಪಾಯ.

ಮುಚ್ಚುಬಾಯಿಯ ಪೈಪು

ಎಲ್ಲ ಮಾಡಿಯೂ ಒಂದು ಹಟಮಾರಿ ಸ್ವರ ಉಳಿದರೆ ಮುಖ್ಯ ಪೈಪಿನ ಪಕ್ಕಕ್ಕೆ, ಅದೇ ವ್ಯಾಸದ, ಕೊನೆ ಮುಚ್ಚಿದ ಒಂದು ಪೈಪನ್ನು ಬೆಸೆಯುತ್ತಾರೆ. ಮುಖ್ಯ ಪೈಪಿನಲ್ಲಿ ಬಂದ ನೂಕು ಇದರೊಳಗೆ ಹೊಕ್ಕು, ಮುಚ್ಚಿದ ಕೊನೆಗೆ ಬಡಿದು ಹಿಂದಿರುಗಿ ಬರುವ ಹೊತ್ತಿಗೆ ಮುಖ್ಯ ಪೈಪಿನಲ್ಲಿ ಎಳೆತ ನಡೆದಿರುತ್ತದೆ. ನೂಕು ಎಳೆತಗಳು ಕೂಡಿ ಒಂದನ್ನೊಂದು ಅಳಿಸುತ್ತವೆ. ಜೋಕಾಲಿ ಹಿಂದಕ್ಕೆ ಬರುವಾಗ ಎದುರಿನಿಂದ ಇನ್ನೊಬ್ಬನು ಹಿಡಿದು ಜಗ್ಗಿದಂತೆ.

ಇದರ ಉದ್ದವು ಸದ್ದಿನ ಅಲೆಯ ಕಾಲು ಪಾಲು ಇರಬೇಕು. ಮುಚ್ಚಿದ ಪೈಪಿನಲ್ಲಿ ಹೊಗೆ ಹರಿಯದ ಕಾರಣ ಅದು ಕೊಂಚ ತಂಪು. ಸುಮಾರು 100 ಅಂಶವೆಂದು ಹಿಡಿದರೆ ಸದ್ದಿನ ಓಟ 390 ಮೀಟರು. 70 ಕಂಪನಕ್ಕೆ 390ನ್ನು 70ರಿಂದ ಭಾಗಿಸಿದರೆ ಅಲೆಯ ಉದ್ದ 5.57 ಮೀಟರು, ಅದರ ಕಾಲು ಪಾಲು 1.39 ಮೀಟರು, ಎಂದರೆ ಸುಮಾರು ನಾಲ್ಕೂವರೆ ಅಡಿ. ಉಷ್ಣತೆಯು ಗಾಡಿಗೊಂದು ಬಗೆ ಇರುವುದರಿಂದ ಮೊದಲು ಐದು ಅಡಿ ಇಟ್ಟು, ಕೊನೆಯ ಮುಚ್ಚಳವನ್ನು ಪಟ್ಟಿಯಿಂದ ಬಿಗಿದು ಓಡಿಸಿ ನೋಡಬೇಕು. ಆಮೇಲೆ ಬೆರಳಗಲ ಬೆರಳಗಲವಾಗಿ ಕೊಯ್ಯುತ್ತ ಬಂದು, ಸ್ವರ ಸತ್ತಲ್ಲಿ ಬೆಸೆಯಬೇಕು. ಕೊಯ್ದುದನ್ನು ಮತ್ತೆ ಉದ್ದ ಮಾಡುವುದು ಕಷ್ಟ. ಪೈಪು ನೆಟ್ಟಗೇ ಇರಬೇಕೆಂದಿಲ್ಲ, ಬಾಗಿರಬಹುದು. ಮುಚ್ಚಿದ ಕೊನೆಯು ತುಸು ಮೇಲಕ್ಕಿದ್ದರೆ ಒಳಗೆ ನೀರು ನಿಂತು ತುಕ್ಕು ಹಿಡಿಯದು. ಹೊರಬಾಯಿಯ ಹತ್ತಿರ ಬೆಸೆದರೆ ಗುಣ ಕಡಿಮೆ. ಬೆಸುಗೆಗೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿಸಿರಿ. ಡೀಸೆಲ್ ಟಾಕಿ, ಬ್ರೇಕಿನ ನಳಿಗೆಗಳಿಂದ ಕಿಡಿಯನ್ನು ದೂರವಿಡಿಸಿರಿ.

ಕಾಯಿದೆಯ ಮಾತು

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಗಾಡಿಗಳಲ್ಲಿ ಸೈಲೆನ್ಸರಿಗಿಂತ ಮೊದಲೇ ಹೊಗೆಯನ್ನು ಶುದ್ಧ ಮಾಡುವ ಡಬ್ಬಿಗಳೂ ಅವುಗಳಿಗೆ ತಂತಿ ಹಚ್ಚಿದ ಸೂಚಕಗಳೂ ಇರುತ್ತವೆ. "ಇದನ್ನು ಕೊಯ್ದು ಒಗೆದರೆ ಗಾಡಿ ಹಗುರವಾಗುತ್ತದೆ" ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿರಿ. ಕೈ ಹಾಕುವುದಿದ್ದರೆ ಆ ಡಬ್ಬಿಗಳಿಂದ ಹಿಂದಿನ ಭಾಗಕ್ಕೆ ಮಾತ್ರ. ವಾರಂಟಿ ಇರುವ ಗಾಡಿಯಾದರೆ ಮೊದಲು ಕಂಪನಿಯವರನ್ನೇ ಕೇಳುವುದು ಲೇಸು.

ಪ್ರತಿಯೊಂದು ಮೋಟಾರು ಗಾಡಿಗೂ ಸದ್ದು ತಗ್ಗಿಸುವ ಸೈಲೆನ್ಸರು ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹೇಳಿದೆ. ಸದ್ದು ಮತ್ತು ಹೊಗೆಯ ಮಿತಿಯನ್ನು ಮೀರಿ ಗಾಡಿ ಓಡಿಸುವವನಿಗೆ 2019ರ ತಿದ್ದುಪಡಿಯು 10,000 ರೂಪಾಯಿಯವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ಇಟ್ಟಿತು. ಇದು ಕೇಂದ್ರದ ಕಾಯಿದೆ, ಎಂ.ಎಚ್. 13ರ ಗಾಡಿಯು ಸೊಲ್ಲಾಪುರದಲ್ಲಿದ್ದರೂ ವಿಜಯಪುರಕ್ಕೆ ಹೋದರೂ ಒಂದೇ. ಆದುದರಿಂದ ಹಾಕುವ ಸೈಲೆನ್ಸರು ಮೊದಲಿನದಕ್ಕಿಂತ ಮೆಲ್ಲಗಿರಬೇಕೇ ಹೊರತು ಜೋರಾಗಿರಬಾರದು.

2000ದ ಶಬ್ದಮಾಲಿನ್ಯ ನಿಯಮಗಳ ಮೇರೆಗೆ ಜನವಸತಿಯ ಮಿತಿಯು ಹಗಲು 55, ರಾತ್ರಿ 45 ಡೆಸಿಬೆಲ್. ಶಾಂತವಲಯದಲ್ಲಿ 50 ಮತ್ತು 40. ಶಾಲೆ, ಆಸ್ಪತ್ರೆಗಳ ಸುತ್ತ 100 ಮೀಟರಿನವರೆಗೆ ಶಾಂತವಲಯ ಮಾಡಬಹುದೆಂದಿದೆ. ರಸ್ತೆಯ ಬದಿಯ ಶಾಲೆಯಲ್ಲಿ ಒಂದು ಗಾಡಿ ಗುಂಯ್‌ಗುಟ್ಟುತ್ತ ಹೋದರೆ ಮಾಸ್ತರನ ಮಾತು ಅರ್ಧಕ್ಕೆ ನಿಲ್ಲುತ್ತದೆ. ದಿನಕ್ಕೆ ಇಂಥ ಎಷ್ಟು ಅರ್ಧ ಮಾತುಗಳು ಮಕ್ಕಳಿಗೆ ಮುಟ್ಟದೆ ಹೋಗುತ್ತವೆಂಬುದನ್ನು ಎಣಿಸುವವರು ಯಾರು?

ನೆನಪಿಡಬೇಕಾದ ಕ್ರಮ

1. ಯಾವ ಗೇರು, ಎಷ್ಟು ಸುತ್ತು ಎಂಬುದನ್ನು ಬರೆದುಕೊಳ್ಳಿರಿ.
2. ನಿಲ್ಲಿಸಿ, ಗೇರು ಬದಲಿಸಿ, ಕಿಟಕಿ ಇಳಿಸಿ ಮೂಲವನ್ನು ಗುರುತಿಸಿರಿ.
3. ರಬ್ಬರು ಮತ್ತು ಸೋರಿಕೆಗಳನ್ನು ಮೊದಲು ಸರಿಪಡಿಸಿರಿ.
4. ಆಮೇಲೆ ದೊಡ್ಡ ಹೊಟ್ಟೆಯ, ಕೋಣೆಗಳಿರುವ, ಅದೇ ವ್ಯಾಸದ ಸೈಲೆನ್ಸರನ್ನು ಮೊದಲಿನ ಜಾಗಕ್ಕೇ ಹಾಕಿಸಿರಿ.
5. ಆಗಲೂ ಉಳಿದರೆ ಬಾಲದ ಉದ್ದ, ಕೊನೆಗೆ ಮುಚ್ಚುಬಾಯಿಯ ಪೈಪು.

ಈ ಕ್ರಮವನ್ನು ತಲೆಕೆಳಗು ಮಾಡಿದರೆ ಹಣವೂ ಹೋಗುತ್ತದೆ, ಮೊರೆತವೂ ಉಳಿಯುತ್ತದೆ. ಎತ್ತು ಕುಂಟಿದಾಗ ಹಿರಿಯರು ಮೊದಲು ಗೊರಸನ್ನು ಎತ್ತಿ ಮುಳ್ಳು ಹೊಕ್ಕಿದೆಯೇ ನೋಡುತ್ತಿದ್ದರು. ಅದನ್ನು ಬಿಟ್ಟು ಎತ್ತನ್ನೇ ಮಾರಲು ಸಂತೆಗೆ ಹೊಡೆಯುತ್ತಿರಲಿಲ್ಲ. ಗಾಡಿಯ ವಿಷಯದಲ್ಲಿಯೂ ಅದೇ ವಿವೇಕ ಸಾಕು.